ನಡುಗಡ್ಡೆಯ ಕಸಕ್ಕೆ ವಾರಸುದಾರರು

ಲಗಮಣ್ಣ: ತೊಳದ್ಯಾ? ಕಸಾನ ತೊಳದ್ಯಾ? ಯಾರರ ಕಸಾ ತೊಳೀತಾರೇನ?

ಪದ್ಮವ್ವ: ಹೊಲಸ ಆಗಿತ್ರಿ, ತೊಳದೆ. ಚೊಕ್ಕ ಇದ್ದದ್ದನ್ನ ಯಾರರ ತೊಳೀತಾರೇನು?

ಲಗಮಣ್ಣ: ಅದನ್ನ ಸಾಹೇಬ್ರಿಗೆ ತೋರಸಾಕ ಅಂತ ಇಟ್ಟಿದ್ದೆ.

ಪದ್ಮವ್ವ: ಅಂಥಾ ಹೊಲಸನ್ನ ಸಾಹೇಬ್ರಿಗೆ ತೋರಿಸಿದ್ರ ನಮ್ಮ ಮನಿತನದ ಮರ್ಯಾದಿ ಏನಾಗಬೇಕ್ರಿ?

ಹೆಂಡತಿಯ ಮಾತಿಗೆ ಹಿತ್ತಲಲ್ಲಿ ನಿಂತ ಲಗಮಣ್ಣ ತಲೆಯ ಮೇಲೆ ಕೈ ಹೊತ್ತ. ನವಿಲುತೀರ್ಥ ಅಣೆಕಟ್ಟಿನ ಹಿನ್ನೀರು ಊರ ಹೊಲಗಳನ್ನು ನುಂಗಿದ ಮೇಲೆ, ನಡುವೆ ಉಳಿದ ದಿಬ್ಬವೇ ನಡುಗಡ್ಡೆಯಾಗಿತ್ತು. ಹೊಳೆ ಹೊತ್ತು ತಂದ ಪ್ಲಾಸ್ಟಿಕ್ಕೆಲ್ಲ ಅದರ ದಂಡೆಗೆ ಬಂದು ಬೀಳುತ್ತಿತ್ತು. ಈಜಿ ಹೋಗಿ ಮೇಯುವ ಎಮ್ಮೆಗಳಿಗೆ ಹುಲ್ಲು ಯಾವುದು, ಹಾಳೆ ಯಾವುದು ಎಂಬ ಭೇದ ಎಲ್ಲಿಯದು? ಹೋದ ತಿಂಗಳು ಲಗಮಣ್ಣನ ಎಮ್ಮೆಯೇ ಹೊಟ್ಟೆ ಉಬ್ಬಿಸಿಕೊಂಡು ಮಲಗಿತ್ತು. ದನದ ಡಾಕ್ಟರು ಅದರ ಗಂಟಲಿಗೆ ಕೈ ಹಾಕಿ ಗೊಬ್ಬರ ಚೀಲದ ಹಾಳೆಯನ್ನು ಎಳೆದೂ ಎಳೆದೂ ಸುಸ್ತಾಗಿದ್ದರು. ಎಮ್ಮೆ ಬದುಕಿತು. ಲಗಮಣ್ಣ ಮಾತ್ರ ಆವತ್ತು ಅತ್ತದ್ದು ಊರಿಗೆಲ್ಲ ಗೊತ್ತು.

ಮರುದಿನವೇ ಆತ 'ದಂಡಿ ಸ್ವಚ್ಛ ಸಂಘ' ಕಟ್ಟಿ ತಾನೇ ಅಧ್ಯಕ್ಷನಾದ. ನಿನ್ನೆ ಆತನೂ ಸೇರಿ ಸಂಘದ ನಾಲ್ವರು ಬೆಲ್ಲ ಕಾಯಿಸುವ ದೊಡ್ಡ ಕಡಾಯಿಯಲ್ಲಿ ಕುಳಿತು, ನೀರಿನ ಮೇಲೆ ಗಿರಗಿರ ತಿರುಗುತ್ತ, ದೇವರ ಹೆಸರೆಲ್ಲ ಹೇಳಿ ಮುಗಿಸಿ ನಡುಗಡ್ಡೆ ಸೇರಿ ಕಸ ಆರಿಸಿ ತಂದಿದ್ದರು. ಇಂದು ಸವದತ್ತಿಯ ತಾಲೂಕು ಕಚೇರಿಯಿಂದ ಸಾಹೇಬರು ಬಂದು ರಾಶಿ ನೋಡಿ ಮೆಚ್ಚಿದರೆ ಸಂಘಕ್ಕೊಂದು ದೋಣಿ ಸಿಗುವುದಿತ್ತು. ಲಗಮಣ್ಣನಿಗೆ ಈಜು ಬಾರದು. ದೋಣಿ ಸಿಗದಿದ್ದರೆ ಆತ ಇನ್ನೊಮ್ಮೆ ಹೋಗುವವನಲ್ಲ, ಸಂಘವೂ ಉಳಿಯುವುದಿಲ್ಲ, ಎಮ್ಮೆಯ ಗತಿ ದೇವರಿಗೇ ಪ್ರೀತಿ.

ಲಗಮಣ್ಣ: ಆತು, ತೊಳದದ್ದರ ಎಲ್ಲೈತಿ?

ಪದ್ಮವ್ವ: ಓಣ್ಯಾಗ ಹಂಚೇನ್ರಿ. ಮರೆವ್ವಕ್ಕ ಹಾಳಿ ಒಯ್ದು ಬಣವಿಗೆ ಹೊಚ್ಚ್ಯಾಳ. ಎಣ್ಣಿ ಡಬ್ಬಿ ಕೆಂಪವ್ವಗ. ಬಕೀಟಿನ ತಳಾ ಹೋಗಿತ್ತು, ಗುರುಬಸವ್ವ ಅದರಾಗ ತುಳಸಿ ಹಚ್ಚತೇನಿ ಅಂದ್ಲು.

ಲಗಮಣ್ಣ: ಆ ಒಂಟಿ ಚಪ್ಪಲಿ?

ಪದ್ಮವ್ವ: ಒಂಟಿ ಅಲ್ರಿ ಅದು. ಅದರ ಜೋಡಿ ಇಂದ್ರವ್ವನ ಮನ್ಯಾಗ ಐತಿ. ಅರಿವಿ ಒಗಿಯೂ ಮುಂದ ಹೊಳ್ಯಾಗ ಹೋಗಿತ್ತಂತ. ಸಂಘದವ್ರಿಗೆ ಪುಣ್ಯಾ ಬರಲಿ ಅಂದಾಳ.

ಅಷ್ಟರಲ್ಲಿ ಹನಿ ಮಳೆಯಲ್ಲಿ ಸಂಘದ ಕಾರ್ಯದರ್ಶಿ ಶಂಕ್ರೆಪ್ಪ ಓಡಿ ಬಂದ. ಅವನ ತಲೆಯಿಂದ ಮೊಣಕಾಲವರೆಗೆ ಪ್ಲಾಸ್ಟಿಕ್ ಹಾಳೆ ಇಳಿಬಿದ್ದಿತ್ತು.

ಲಗಮಣ್ಣ: ತಲಿ ಮ್ಯಾಲ ಏನದು?

ಶಂಕ್ರೆಪ್ಪ: ಕೊಪ್ಪಿ.

ಲಗಮಣ್ಣ: ನಿನ್ನೆ ಅದು ಕಸಾ ಇತ್ತು.

ಶಂಕ್ರೆಪ್ಪ: ನಿನ್ನೆ ಮಳಿ ಇರಲಿಲ್ಲಲ್ಲಪಾ.

ಲಗಮಣ್ಣ: ಸಾಹೇಬ್ರು ಬರೂ ಹೊತ್ತಾತು. ಮನಿ ಮನಿಗೆ ಹೋಗಿ ಎಲ್ಲಾ ತಿರಗಿ ತಗೊಂಡ ಬಾ.

ಶಂಕ್ರೆಪ್ಪ ಹೋದದ್ದು ಒಬ್ಬನೇ, ಬಂದದ್ದು ಓಣಿಯ ಹೆಂಗಸರೆಲ್ಲರ ಜೊತೆ.

ಶಂಕ್ರೆಪ್ಪ: ಕೊಡತಾರಂತ. ಆದ್ರ ತಮ್ಮ ತಮ್ಮ ವಸ್ತು ತಾವ ಹಿಡಕೊಂಡು ನಿಂದರತಾರಂತ.

ಲಗಮಣ್ಣ: ಕಸಕ್ಕ ಕಾವಲೇನೋ?

ಪದ್ಮವ್ವ: ನಿಮ್ಮ ಸಂಘದವ್ರ ಮ್ಯಾಲ ಅವರಿಗೆ ನಂಬಿಕಿ ಇಲ್ರಿ. ಶಂಕ್ರೆಪ್ಪಣ್ಣನ ಕೊಪ್ಪಿ ನೋಡ್ಯಾರಲ್ಲ.

ರಾಶಿ ಬಿತ್ತು. ಒಬ್ಬಳ ಕೈ ಡಬ್ಬಿಯ ಮೇಲೆ, ಇನ್ನೊಬ್ಬಳ ಕೈ ಬಕೀಟಿನ ಮೇಲೆ. ಇಂದ್ರವ್ವ ಚಪ್ಪಲಿಯನ್ನು ಕಾಲಿಗೇ ಹಾಕಿಕೊಂಡು ಆ ಕಾಲನ್ನಷ್ಟೇ ರಾಶಿಯಲ್ಲಿ ಚಾಚಿದ್ದಳು. ಹೊರಗೆ ಫಟಫಟಿ ಬೈಕಿನ ಸದ್ದಾಯಿತು. ಸಾಹೇಬರು ಹಿತ್ತಲಿಗೆ ಬಂದರು.

ಸಾಹೇಬರು: ಇದೇನ್ರಿ, ಕಸಾ ಇಷ್ಟು ಫಳಫಳ ಹೊಳೀತೈತಿ?

ಲಗಮಣ್ಣ: ನೀರಾಗ ಇದ್ದದ್ದಲ್ಲೇನ್ರಿ ಸಾಹೇಬ್ರ?

ಸಾಹೇಬರು: ಈ ಹೆಣ್ಣಮಕ್ಕಳು ಯಾಕ ಹಿಡಕೊಂಡು ನಿಂತಾರ?

ಶಂಕ್ರೆಪ್ಪ: ಗಾಳಿಗೆ ಹಾರಿ ಮತ್ತ ಹೊಳಿಗೆ ಬೀಳಬಾರದಂತ್ರಿ.

ಸಾಹೇಬರ ಕಣ್ಣು ತುಂಬಿ ಬಂತು.

ಸಾಹೇಬರು: ಹೊಳಿ ಮ್ಯಾಲ ಇಷ್ಟು ಕಾಳಜಿ ನಾ ಎಲ್ಲೂ ನೋಡಿಲ್ಲ. ದೋಣಿ ಕೊಟ್ಟೆ ಅಂತ ತಿಳೀರಿ. ಹಾಂ, ಈಗ ಇದಕ್ಕ ಬೆಂಕಿ ಹಚ್ರಿ. ಕಣ್ಣಿಲೆ ನೋಡೇ ಹೋಗತೇನಿ.

ಮರೆವ್ವ ಹಾಳೆಯನ್ನು ಎದೆಗವಚಿಕೊಂಡಳು. ಸಾಹೇಬರು ತಾವೇ ಕಡ್ಡಿಪೆಟ್ಟಿಗೆ ತೆಗೆದು ಲಗಮಣ್ಣನ ಕೈಗಿತ್ತರು. ಗೀರಿದರೆ ದೋಣಿ ಉಂಟು, ರಾತ್ರಿ ಊಟವಿಲ್ಲ. ಗೀರದಿದ್ದರೆ ಊಟ ಉಂಟು, ದೋಣಿ ಇಲ್ಲ. ಲಗಮಣ್ಣ ಆಕಾಶ ನೋಡಿದ.

ಲಗಮಣ್ಣ: ಮಳಿ ಹನಿ ಐತ್ರಿ ಸಾಹೇಬ್ರ. ಹತ್ತೂದಿಲ್ಲ.

ಸಾಹೇಬರು: ಒಂದೀಟು ಚಿಮಣಿ ಎಣ್ಣಿ ಸುರವ್ರಿ, ಹತ್ತತೈತಿ.

ಪದ್ಮವ್ವ: ಹಚ್ಚೂಣ್ರಿ. ಪ್ಲಾಸ್ಟಿಕ್ ಒಂದೂ ಉಳಿಯೂದು ಬ್ಯಾಡ. ನಿಮ್ಮ ಫಟಫಟಿ ಸೀಟಿಗೆ ಸುತ್ತಿದ್ದೂ ಬಿಚ್ಚಿ ತರ್ರಿ.

ಸಾಹೇಬರು ಗಕ್ಕನೆ ಹಿಂತಿರುಗಿ ನೋಡಿದರು. ಬಾಗಿಲಾಚೆ ನಿಂತ ಫಟಫಟಿಯ ಸೀಟಿಗೆ ಗೊಬ್ಬರ ಚೀಲದ ಹಾಳೆ ಸುತ್ತಿ, ಸುತ್ತಲೂ ಅಂದವಾಗಿ ದಾರ ಹೊಲಿದಿತ್ತು.

ಸಾಹೇಬರು: ಅದು ಕಸಾ ಅಲ್ಲವ್ವಾ.

ಪದ್ಮವ್ವ: ಇದರ ತಂಗೀನ ಅಲ್ರಿ ಅದು?

ಸಾಹೇಬರು: ನಮ್ಮ ಮನಿಯವ್ರು ತೊಳದು, ಹೊಲದು ಕಳಸ್ಯಾರ. ಅದನ್ನ ಬಿಟ್ಟು ಹೋದ್ರ ನನಗ ಬಾಗಲಾ ತಗಿಯೂದಿಲ್ಲ.

ಪದ್ಮವ್ವ: ಇಲ್ಲಿ ನಿಂತವ್ರೂ ಒಬ್ಬೊಬ್ರ ಮನಿಯವ್ರ ಅದಾರ್ರಿ.

ಸಾಹೇಬರು ಸುತ್ತಲೂ ಒಮ್ಮೆ ನೋಡಿ, ಲಗಮಣ್ಣನ ಕೈಯಿಂದ ಕಡ್ಡಿಪೆಟ್ಟಿಗೆಯನ್ನು ಮೆಲ್ಲಗೆ ತೆಗೆದುಕೊಂಡು ಕಿಸೆಗಿಳಿಸಿದರು.

ಸಾಹೇಬರು: ಬೆಂಕಿ ಬ್ಯಾಡ. ಎಮ್ಮಿ ಬಾಯಿಗೆ ಸಿಗದಂಗ ಇಟ್ಟುಕೊಳ್ರಿ, ಸಾಕು. ದೋಣಿ ಸೋಮವಾರ ಬರತೈತಿ.

ಫಟಫಟಿ ಹೋಯಿತು. ರಾಶಿ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮತ್ತೆ ಮನೆ ಮನೆ ಸೇರಿತು. ಲಗಮಣ್ಣನಿಗೆ ಮಾತ್ರ ನೆಲದ ಮೇಲೆ ಕಾಲು ನಿಲ್ಲಲೊಲ್ಲದು.

ಲಗಮಣ್ಣ: ಸಂಘ ಗೆದ್ದಿತು ನೋಡು. ದೋಣಿ ಬಂದ ಕೂಡ್ಲೇ ನಾನೂ ಶಂಕ್ರೆಪ್ಪನೂ ಮುಂದ ಕುಂದ್ರತೇವಿ.

ಪದ್ಮವ್ವ: ದೋಣ್ಯಾಗ ಜಾಗಾ ತುಂಬೇತ್ರಿ. ನಾವು ಓಣಿ ಹೆಣ್ಣಮಕ್ಕಳೆಲ್ಲಾ ಹೊಂಟೇವಿ.

ಲಗಮಣ್ಣ: ಮತ್ತ ಅಧ್ಯಕ್ಷ ಆಗಿ ನಾ ಏನ ಮಾಡ್ಲಿ?

ಪದ್ಮವ್ವ: ನೀವು ಇಲ್ಲೇ ಎಮ್ಮಿ ಹಿಡಕೊಂಡು ನಿಂದರ್ರಿ. ನಮ್ಮಕಿಂತ ಮೊದಲ ಅದು ಹೋತಂದ್ರ, ಛಲೋ ಛಲೋದ್ದೆಲ್ಲಾ ತಿಂದಬಿಡತೈತಿ.