ಆಟಿಯ ಕಷಾಯವೂ ಇಬ್ಬರು ಊರಿನವರೂ

ಒಂದು ಊರಿನವರು ಎನಿಸಿಕೊಳ್ಳಬೇಕೆಂಬ ಆಸೆಯಷ್ಟು ನಾಚಿಕೆಗೆಟ್ಟ ಆಸೆ ಇನ್ನೊಂದಿಲ್ಲ. ಅಧಿಕಾರದ ಆಸೆ ಇದ್ದವನು ಹೆಚ್ಚೆಂದರೆ ದೊಡ್ಡವರ ಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಈ ಆಸೆ ಹತ್ತಿದವನು ಎಲ್ಲಿ ಬೇಕಾದರೂ ನಿಲ್ಲುತ್ತಾನೆ. ಸುರಿಯುವ ಮಳೆಯಲ್ಲಿ, ಬೆಳಕು ಹರಿಯುವ ಮೊದಲು, ಕಾರ್ಕಳದ ಹೊರಗಿನ ಒಂದು ಗುಡ್ಡದ ಮೇಲೆ, ಇನ್ನೊಬ್ಬ ಮೂರ್ಖನಿಗೆ ಟಾರ್ಚು ಹಿಡಿದುಕೊಂಡು ಕೂಡ ನಿಲ್ಲುತ್ತಾನೆ. ನಾನು ನಿಂತಿದ್ದೇನೆ. ಅದಾಗಿ ಎಷ್ಟೋ ವರ್ಷಗಳಾದವು. ಇವತ್ತಿಗೂ ಯಾವುದಾದರೂ ಮುದುಕಿ ಲೋಟವನ್ನು ಬಾಯಿಗೆತ್ತುವುದನ್ನು ಕಂಡರೆ ನನ್ನ ಅಂಗೈ ಬೆವರುತ್ತದೆ, ಲೋಟದಲ್ಲಿರುವುದು ಬರೀ ಬೆಲ್ಲದ ಕಾಫಿ ಎಂದು ಗೊತ್ತಿದ್ದರೂ.

ನಾನು ಗದಗಿನ ಕಡೆಯವನು. ಎಪ್ಪತ್ತರ ದಶಕದ ನಡುವಿನಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾರ್ಕಳದ ಕಾಲೇಜೊಂದಕ್ಕೆ ಉಪನ್ಯಾಸಕನಾಗಿ ಬಂದೆ. ಉಡುಪಿಯಿಂದ ಹತ್ತಿದ ಬಸ್ಸಿನಲ್ಲಿ ನಾನು ಟಿಕೇಟು ಕೇಳಲು ಬಾಯಿ ತೆರೆದದ್ದೇ ತಡ, ಕಂಡಕ್ಟರು "ನೀವು ಘಟ್ಟದ ಮೇಲಿನವರಾ?" ಎಂದ. ಕೇಳಿದ್ದರಲ್ಲಿ ತಿರಸ್ಕಾರವೇನೂ ಇರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದ. ನನಗೆ ಮಾತ್ರ ಅದು ನಾಟಿತು. ಅಂದಿನಿಂದ ಘಟ್ಟದ ಕೆಳಗಿನವನಾಗಲು ಟೊಂಕ ಕಟ್ಟಿದೆ. 'ಐತಿ' ಬಿಟ್ಟು 'ಉಂಟು' ಹಿಡಿದೆ. 'ಎಂತ' ಎನ್ನಬೇಕಾದಲ್ಲೆಲ್ಲ ಎಂದೆ, ಎನ್ನಬಾರದಲ್ಲಿಯೂ ಎಂದೆ. ಜೋಳದ ರೊಟ್ಟಿಯಲ್ಲಿ ಬೆಳೆದ ಹೊಟ್ಟೆಗೆ ಕುಚ್ಚಲಕ್ಕಿ ಗಂಜಿ ಸುರಿದೆ. ರಜೆಯ ದಿನಗಳಲ್ಲಿ ಕಾಪುವಿಗೆ ಹೋಗಿ, ದೀಪಸ್ತಂಭದ ಕೆಳಗೆ ಲುಂಗಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನಿಂತು, ದಡಕ್ಕೆ ಬಂದ ದೋಣಿಯ ಮೀನು ನೋಡಿ ಬಲ್ಲವನಂತೆ ತಲೆಯಾಡಿಸಿದೆ. ನಾನು ಹುಟ್ಟಿದಾಗಿನಿಂದ ಮೀನು ತಿಂದವನಲ್ಲ. ಊರಿಗೆ ಹೋದಾಗ ಅವ್ವ, "ಯಾಕೋ ತಮ್ಮಾ, ಬಯಲಾಟದ ರಾಜಾನ ಹಂಗ ಮಾತಾಡಾಕತ್ತಿ?" ಎಂದು ಬಿದ್ದು ಬಿದ್ದು ನಕ್ಕಳು. ಹೀಗೆ ನಾನು ಅಲ್ಲಿ ಬಯಲಾಟದ ರಾಜ, ಇಲ್ಲಿ ಘಟ್ಟದ ಮಾಸ್ಟ್ರು ಆಗಿ ಎಂಟು ವರ್ಷ ಕಳೆದೆ.

ಬಾಡಿಗೆಗಿದ್ದದ್ದು ಕಮಲಕ್ಕ ಎಂಬವರ ಮನೆಗೆ ತಾಗಿಕೊಂಡಿದ್ದ ಕೋಣೆಯಲ್ಲಿ. ಮನೆಯಲ್ಲಿ ಕಮಲಕ್ಕ, ಅವರ ಎಂಬತ್ತರ ತಾಯಿ; ನಾನು ಅಜ್ಜಿ ಎನ್ನುತ್ತಿದ್ದೆ. ಒಳ್ಳೆಯ ಜನ. ಆದರೆ ನಾನು ಜಗಲಿ ಹತ್ತಿದ ಕೂಡಲೇ ಇಬ್ಬರೂ ಅರ್ಧಕ್ಕೆ ತುಳು ನಿಲ್ಲಿಸಿ ಕನ್ನಡಕ್ಕೆ ಬದಲಾಗುತ್ತಿದ್ದರು, ಇನ್‌ಸ್ಪೆಕ್ಟರು ತರಗತಿಗೆ ಬಂದಾಗ ಮಕ್ಕಳು ಎದ್ದು ನಿಲ್ಲುವ ಹಾಗೆ. ಅವರು ಅದನ್ನು ಮರ್ಯಾದೆ ಎಂದುಕೊಂಡಿದ್ದರು. ನಾನು ಶಿಕ್ಷೆಯೆಂದು ಕೈಕಟ್ಟಿ ಅನುಭವಿಸುತ್ತಿದ್ದೆ.

ಆ ವರ್ಷ ಕಮಲಕ್ಕನ ತಮ್ಮ ಸದಾನಂದ ಬಹರೈನಿನಿಂದ ರಜೆಗೆ ಬಂದ. ಹೋಗಿ ಹತ್ತು ವರ್ಷವಾಗಿತ್ತು. ಎರಡು ಸೂಟ್‌ಕೇಸು, ಒಂದು ಟೇಪ್‌ರೆಕಾರ್ಡರು, ಗೇಟಿನಿಂದಲೇ ಮೂಗಿಗೆ ಬಡಿಯುವ ಅತ್ತರು. ಅಂಗಳದಲ್ಲಿ ನಡೆಯಲು ಬೂಟು ಬೇಕು, ಬಾವಿಯ ನೀರಿಗೆ ಅನುಮಾನ, ಸೊಳ್ಳೆಗೆ ಗಾಬರಿ. "ಇದೆಂಥ ಮಳೆ ಮಾರಾಯ್ರೆ, ನಿಲ್ಲುದೇ ಇಲ್ವಾ?" ಎಂದು ಆಷಾಢದಲ್ಲಿ ಆಕಾಶ ನೋಡಿ ಆಶ್ಚರ್ಯಪಟ್ಟ ಏಕೈಕ ಕಾರ್ಕಳದವನು ಅವನೇ ಇರಬೇಕು. ಆದರೂ ಅವನನ್ನು ಯಾವ ಕಂಡಕ್ಟರೂ ಎಲ್ಲಿಯವನೆಂದು ಕೇಳಲಿಲ್ಲ. ಇದೇ ನನ್ನ ಹೊಟ್ಟೆಯುರಿ. ಸಂಜೆ ಜಗಲಿಯಲ್ಲಿ ಕೂತು ಅವನು ನನಗೆ ಪಾಠ ಹೇಳುತ್ತಿದ್ದ: "ಮಣ್ಣಿನ ಗುಣ ಎಲ್ಲಿ ಹೋದ್ರೂ ಹೋಗುದಿಲ್ಲ ಮಾಸ್ಟ್ರೆ. ನಿಮಗೆ ಅದು ಅರ್ಥ ಆಗ್ಲಿಕ್ಕಿಲ್ಲ. ನೀವು ಘಟ್ಟದವರಲ್ವಾ?" ಅಲ್ಲಿ ಅರಬರು ಇವನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ, 'ಹಿಂದಿ', ಅಂದರೆ ಹಿಂದೂಸ್ತಾನದವನು, ಎನ್ನುತ್ತಿದ್ದರಂತೆ. ಹಿಂದಿಯಲ್ಲಿ ನಾಲ್ಕು ವಾಕ್ಯ ಬಾರದ ಮನುಷ್ಯ. ಇದನ್ನು ಒಮ್ಮೆ ಬಾಯಿತಪ್ಪಿ ಹೇಳಿದ, ಮತ್ತೆಂದೂ ಎತ್ತಲಿಲ್ಲ.

ತುಳುವರ ಆಟಿ ತಿಂಗಳ, ಅಂದರೆ ಆಷಾಢದ, ಅಮಾವಾಸ್ಯೆಯಂದು ಇಲ್ಲಿಯವರು ಹಾಲೆ ಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಸೂರ್ಯ ಹುಟ್ಟುವ ಮೊದಲು ಹೋಗಬೇಕು, ಕತ್ತಿ ಮುಟ್ಟಿಸಬಾರದು, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಖಾಲಿ ಹೊಟ್ಟೆಗೆ ಕುಡಿದು ಮೇಲೆ ಮೆಂತ್ಯದ ಗಂಜಿ ಉಣ್ಣಬೇಕು. ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ ಎಂದು ನಂಬಿಕೆ. ಪ್ರತಿ ವರ್ಷ ನೆರೆಮನೆಯವರು ತಂದುಕೊಡುತ್ತಿದ್ದರು. ಈ ಸಲ ಸದಾನಂದ, ತಾನೇ ತರುತ್ತೇನೆಂದ. ಕತ್ತಲಲ್ಲಿ ಮರ ತಪ್ಪಬಾರದೆಂದು ಹಿಂದಿನ ಸಂಜೆಯೇ ಹೋಗಿ ಮರಕ್ಕೆ ದಾರ ಕಟ್ಟಿ ಬರುವುದು ಕ್ರಮ. ಹೋಗಿ ಬಾ ಎಂದು ಕಮಲಕ್ಕ ತುಳುವಿನಲ್ಲಿ ಗದರಿದರು. ಅಷ್ಟರಲ್ಲಿ ನನ್ನನ್ನು ಕಂಡು, ಮಿಕ್ಕ ಬೈಗುಳವನ್ನು ಕನ್ನಡದಲ್ಲಿ ಮುಗಿಸಿದರು: "ಆಮೇಲೆ ಮರ ಗೊತ್ತಾಗ್ಲಿಲ್ಲಾಂತ ಹೇಳ್ಬೇಡ!"

"ನನ್ನ ಊರಿನ ಮರವನ್ನು ನನಗೆ ತೋರಿಸ್ಲಿಕ್ಕೆ ದಾರ ಬೇಕಾ ಅಕ್ಕ?" ಎಂದು ಸದಾನಂದ ನಕ್ಕ. ನನ್ನ ಕಡೆ ತಿರುಗಿ, "ನೀವೂ ಬನ್ನಿ ಮಾಸ್ಟ್ರೆ. ಟಾರ್ಚು ಹಿಡೀಲಿಕ್ಕೆ ಒಬ್ರು ಬೇಕು" ಎಂದ.

ಎಂಟು ವರ್ಷದಲ್ಲಿ ಯಾರೂ ಕರೆದಿರಲಿಲ್ಲ. ಟಾರ್ಚಿಗೆ ಸೆಲ್ಲು ಬದಲಾಯಿಸಿದೆ. ಸಂತೋಷಕ್ಕೆ ನಿದ್ದೆ ಬರಲಿಲ್ಲ.

ಗುಡ್ಡದ ಮೇಲೆ ಸದಾನಂದ ಒಂದು ಬಂಡೆಯ ಪಕ್ಕ ನಿಂತು, "ಇದೇ. ಸಣ್ಣದಿರುವಾಗ ಅಪ್ಪನ ಜೊತೆ ಬರ್ತಾ ಇದ್ದೆ" ಎಂದು ಒಂದು ಕಾಂಡಕ್ಕೆ ಕೈಯಿಟ್ಟ. ಕಲ್ಲಿನಿಂದ ಜಜ್ಜಿದ. ನಾನು ಅಲ್ಲಿಗೆ ಟಾರ್ಚಿನ ಬೆಳಕು ಬಿಟ್ಟೆ. ಹಾಲೆಯ ತೊಗಟೆಗೆ ಗಾಯವಾದರೆ ಬಿಳಿ ಹಾಲು ಜಿನುಗಬೇಕು. ಇದನ್ನು ತಿಳಿಯಲು ಎಂ.ಎಸ್ಸಿ. ಬೇಡ. ನನಗೆ ಅದೂ ಇತ್ತು. ಬಗ್ಗಿ ನೋಡಿದೆ. ಬೆರಳಿಟ್ಟು ಒರೆಸಿದೆ. ಹಾಲಿಲ್ಲ. ಈ ಗುಡ್ಡಗಳಲ್ಲಿ ಹಾಲೆಯ ಜೊತೆಗೇ ಕಾಸರಕ ಬೆಳೆಯುತ್ತದೆ. ಅದರ ವಿಷ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ಕೊಲ್ಲುತ್ತದೆಂದು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದವನು ನಾನೇ.

"ಎಂತ ನೋಡ್ತೀರಿ?" ಎಂದ ಸದಾನಂದ.

ಹೇಳಿದರೆ ಅವನು ಏನೆನ್ನುತ್ತಾನೆಂದು ನನಗೆ ಬಾಯಿಪಾಠವಾಗಿತ್ತು. ನೀವು ಘಟ್ಟದವರಲ್ವಾ. ಮಳೆಗೆ ಹಾಲು ತೊಳೆದುಹೋಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ.

"ಎಂತ ಇಲ್ಲ" ಎಂದೆ. ಎಂಟು ವರ್ಷಗಳಲ್ಲಿ ನನ್ನ ಬಾಯಿಂದ ಬಂದ ಅತ್ಯಂತ ಶುದ್ಧವಾದ ಕರಾವಳಿಯ ಮಾತು ಅದು.

ಮನೆಗೆ ಬಂದು ಅಂಗಳದ ಕಲ್ಲಿನ ಮೇಲೆ ತೊಗಟೆ ಜಜ್ಜಿ ರಸ ಹಿಂಡಿದವನೂ ಸದಾನಂದನೇ, ಹಾಗಾಗಿ ಕಮಲಕ್ಕನ ಕೈಗೆ ಸಿಕ್ಕಿದ್ದು ರಸ ಮಾತ್ರ. ಅವರು ಅದಕ್ಕೆ ಓಮ, ಕರಿಮೆಣಸು, ಬೆಳ್ಳುಳ್ಳಿ ಅರೆದು ಸೇರಿಸಿದರು. ಒಲೆಯಲ್ಲಿ ಕಾಯಿಸಿದ ಬಿಳಿ ಕಲ್ಲನ್ನು ಅದರೊಳಗೆ ಹಾಕಿದಾಗ ಚೊಯ್ ಎಂದಿತು. ನಾಲ್ಕು ಲೋಟ. ನಾಲ್ಕನೆಯದು ನನಗೆ. ಆ ಲೋಟ ಕಂಡು ನನ್ನ ಕಣ್ಣು ತುಂಬಿಬಂತು ಎಂದರೆ ನೀವು ನಂಬಲಿಕ್ಕಿಲ್ಲ. ಪಕ್ಕದಲ್ಲಿ ಸಾವು ಕೂತಿದ್ದಾಗ ನಾನು ಸತ್ಕಾರಕ್ಕೆ ಗದ್ಗದಿತನಾಗಿದ್ದೆ.

ಆ ಮನೆಯಲ್ಲಿ ಹಿರಿಯರು ಮೊದಲು ಕುಡಿಯಬೇಕು. ಅಜ್ಜಿ ಸೆರಗು ಸರಿಪಡಿಸಿಕೊಂಡು, ಪೂರ್ವಕ್ಕೆ ತಿರುಗಿ, ಎರಡೂ ಕೈಯಲ್ಲಿ ಲೋಟ ಎತ್ತಿದರು. ಲೋಟ ಮೆಲ್ಲಗೆ ಮೇಲೇರುತ್ತಿತ್ತು. ನಾನು, "ವಾಸನೆ ಸ್ವಲ್ಪ ಬೇರೆ ಉಂಟಲ್ವಾ..." ಎಂದು ಸಭ್ಯವಾಗಿ ಗೊಣಗಿದೆ. ಯಾರಿಗೂ ಕೇಳಿಸಲಿಲ್ಲ. ಲೋಟ ಗಲ್ಲದವರೆಗೆ ಬಂತು. ತುಟಿಗೆ ತಾಗಿತು.

"ಕುಡೀಬ್ಯಾಡ್ರೀ ಯವ್ವಾ! ವಿಷ ಐತಿ ಅದು, ವಿಷ!"

ಈ ಕೂಗು ಎಲ್ಲಿಂದ ಬಂತೆಂದು ಸುತ್ತ ನೋಡಿದೆ. ನನ್ನೊಳಗಿಂದಲೇ ಬಂದಿತ್ತು. ಎಂಟು ವರ್ಷ ತೀಡಿ ತಿದ್ದಿದ 'ಉಂಟು' ಎಲ್ಲ ಕೊಚ್ಚಿಹೋಗಿ ಗದಗು ಒಂದೇ ಉಸಿರಿಗೆ ಹೊರಬಿದ್ದಿತ್ತು. ಯಾವಾಗ ಎದ್ದೆನೋ, ಲೋಟವನ್ನು ನಾನೇ ಹೊಡೆದು ಬೀಳಿಸಿದ್ದೆ. ಅಜ್ಜಿಯ ಸೀರೆಯೆಲ್ಲ ಕಷಾಯ.

"ಎಂತ ಹುಚ್ಚಾ ನಿಮಗೆ?" ಎಂದು ಸದಾನಂದ ನನ್ನ ಅಂಗಿ ಹಿಡಿದ. ಕಮಲಕ್ಕ ಅಂಗಳಕ್ಕೆ ಇಳಿದು, ಉಳಿದ ತೊಗಟೆಯೊಂದನ್ನು ಬೆಳಕಿಗೆ ಹಿಡಿದರು, ಮುರಿದರು, ಮೂಸಿದರು. ಅವರ ಮುಖ ಬಿಳಿಚಿತು.

"ಕಾಸರಕ... ಎಲ್ಲಿಂದ ತಂದದ್ದು?"

"ಬಂಡೆ ಹತ್ರದ್ದೇ. ಅಪ್ಪ ತರ್ತಿದ್ದದ್ದು."

"ಅಲ್ಲಿದ್ದ ಹಾಲೆ ಕಡಿದು ನಾಲ್ಕು ವರ್ಷ ಆಯ್ತು ಮಾರಾಯ! ಯಾರ ಹತ್ರವಾದ್ರೂ ಕೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ?"

"ನನ್ನ ಊರಲ್ಲಿ ನಾನು ಯಾರ ಹತ್ರ..." ಎಂದು ಶುರುಮಾಡಿ ಸದಾನಂದ ಅಲ್ಲೇ ನಿಲ್ಲಿಸಿದ. ಬೂಟು ಹಾಕಿದ ಕಾಲುಗಳನ್ನು ನೋಡುತ್ತ ಮೆಟ್ಟಿಲ ಮೇಲೆ ಕುಸಿದ. ಅಜ್ಜಿಯ ಬಾಯನ್ನು ಹತ್ತು ಸಲ ತೊಳೆಸಿದೆವು. ಒಂದು ಗುಟುಕೂ ಇಳಿದಿರಲಿಲ್ಲ. ಇಳಿದಿದ್ದರೆ ಮಣಿಪಾಲದ ಆಸ್ಪತ್ರೆ ತಲುಪುವಷ್ಟು ಹೊತ್ತು ಆ ಜೀವಕ್ಕೆ ಇರುತ್ತಿರಲಿಲ್ಲ.

ಅಜ್ಜಿ ನನ್ನ ಕೈ ಹಿಡಿದುಕೊಂಡು ತುಳುವಿನಲ್ಲಿ ಏನೇನೋ ಹೇಳುತ್ತಲೇ ಇದ್ದರು. ಆಗ ಕಮಲಕ್ಕ ಕಣ್ಣೊರೆಸಿಕೊಂಡು ಕೇಳಿದರು: "ನಿಮಗೆ ಯಾವಾಗ ಗೊತ್ತಾಯ್ತು ಮಾಸ್ಟ್ರೆ?"

"ಈಗ. ವಾಸನೆಗೆ" ಎಂದೆ.

ಸದಾನಂದ ತಲೆಯೆತ್ತಿ ನನ್ನನ್ನು ನೋಡಿದ. ನಾನು ಬಗ್ಗಿದ್ದನ್ನೂ ಬೆರಳಿಟ್ಟದ್ದನ್ನೂ ಕಂಡಿದ್ದವನು ಅವನೊಬ್ಬನೇ. "ಹೌದು, ಗುಡ್ಡದಲ್ಲಿ ಎಂತ ಕಾಣ್ತದೆ, ಕತ್ತಲೆಯಲ್ವಾ" ಎಂದ. ಅಷ್ಟು ದಿನ ನಾನು ಮನಸ್ಸಿನಲ್ಲೇ ಅಣಕಿಸುತ್ತ ಬಂದಿದ್ದ ಮನುಷ್ಯ. ಅವನ ಮರ್ಯಾದೆ ಹೋಗುತ್ತಿದ್ದ ಹೊತ್ತಿನಲ್ಲಿ ನನ್ನದನ್ನು ಉಳಿಸಿದ.

ಅವನು ರಜೆ ಮುಗಿಯುವ ಮೊದಲೇ ವಾಪಸು ಹೋದ. ನಾನು ಇಲ್ಲಿ ಮಹಾತ್ಮನಾದೆ. ಈಗ ಆಟಿ ಅಮಾವಾಸ್ಯೆಯ ಬೆಳಿಗ್ಗೆ ಸುತ್ತಲಿನ ನಾಲ್ಕಾರು ಮನೆಯವರು ತೊಗಟೆ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾರೆ. "ನಮ್ಮ ಮಾಸ್ಟ್ರು ನೋಡಿದ್ರೆ ಮುಗೀತು" ಎನ್ನುತ್ತಾರೆ. ನಾನು ಕನ್ನಡಕ ಏರಿಸಿ, ಗೀರಿ, ಮೂಸಿ, "ಹಾಲೆಯೇ, ಧೈರ್ಯವಾಗಿ ಕುಡಿಯಿರಿ" ಎಂದು ಅಪ್ಪಣೆ ಕೊಡುತ್ತೇನೆ. ಅವರು ಕುಡಿಯುತ್ತಾರೆ. ನನ್ನ ಲೋಟವನ್ನು ನಾನು ಅರ್ಧ ಗಂಟೆ ಬಿಟ್ಟು, ಎಲ್ಲರೂ ನೆಟ್ಟಗೆ ಓಡಾಡುತ್ತಿರುವುದನ್ನು ನೋಡಿಕೊಂಡು ಕುಡಿಯುತ್ತೇನೆ. ಮಾಸ್ಟ್ರಿಗೆ ಬಿಸಿ ಆಗುವುದಿಲ್ಲ, ಆರಿಸಿ ಕುಡಿಯುತ್ತಾರೆ ಎಂದು ಊರವರೆಲ್ಲ ತಿಳಿದಿದ್ದಾರೆ.