ಎಂಟು ದಿನದೊಳಗೆ ವಾಪಸ್

ಆಡು ಮಾರಿದರೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಶುರುವಾಗುವುದೇ ಆಮೇಲೆ. ಬೆಳಗಾದರೆ ಒಂದಿಲ್ಲೊಂದು ಫೋನು. ಕೂತಲ್ಲಿ ಕೂರಲಾಗದೆ, ತೊರವಿಯ ನಮ್ಮ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಲೇ ಮಾತಾಡುತ್ತೇನೆ.

ತಪ್ಪು ನನ್ನದೇ. ಹೊಸದಾಗಿ ಆಡು ಸಾಕುವವರಿಗೆ ಧೈರ್ಯ ಬರಲಿ ಅಂತ, "ಎಂಟು ದಿನದಾಗ ಹೊಂದಲಿಲ್ಲಂದ್ರ ವಾಪಸ್ ತಗೋತೇನ್ರಿ" ಅಂದುಬಿಟ್ಟಿದ್ದೆ. ಅದನ್ನು ಕೇಳಿದ ನಮ್ಮ ಯಜಮಾನರು, "ಒಂದ ಆಡು ವಾಪಸ್ ಬಂದ್ರೂ ಶೆಡ್ ಖಾಲಿ ಮಾಡು. ನನ್ನ ಟ್ರ್ಯಾಕ್ಟರ್ ನಿಲ್ಲಸ್ತೇನಿ" ಅಂದರು. ಅಂದಿನಿಂದ ಆ ಟ್ರ್ಯಾಕ್ಟರ್ ಕಂಡರೆ ನಾನು ಮುಖ ತಿರುಗಿಸಿ ನಡೆಯುತ್ತೇನೆ.

೧. ಎಮ್ಮೆ ಜೋಡಿ ಜಳಕ

ಜೈನಾಪುರದ ರೈತರೊಬ್ಬರು, ಇಷ್ಟು ವರ್ಷ ಬರೀ ಎಮ್ಮೆ ಸಾಕಿದವರು, ಎರಡು ಆಡು ಒಯ್ದರು. ನಾಲ್ಕನೇ ದಿನಕ್ಕೆ ಫೋನು.

"ಅಕ್ಕಾರ, ಆಡು ಗಡಗಡ ನಡಗಾಕತ್ತಾವ್ರಿ. ವಾಪಸ್ ತರ್ಲೇನ್ರಿ?"

ಓಡಾಡುತ್ತಿದ್ದವಳು ಅಲ್ಲೇ ನಿಂತುಬಿಟ್ಟೆ. "ಏನ್ ಮಾಡೀರಿ ಅವಕ್ಕ?"

"ಏನೂ ಮಾಡಿಲ್ರಿ. ದಿನಾ ಮುಂಜಾನೆ ಎಮ್ಮಿ ಜೋಡಿ ಮೈ ತೊಳದೇನಿ, ಅಷ್ಟ."

"ಯಪ್ಪಾ, ಆಡಿಗೆ ನೀರು ಆಗೂದಿಲ್ರಿ! ಮೊದ್ಲ ಚೀಲ ಹೊಚ್ಚಿ ಬೆಚ್ಚಗಿಡ್ರಿ. ಬಕೆಟ್ ಕಂಡಕೂಡ್ಲೇ ಅವು ಓಡ್ಲಿಲ್ಲೇನು?"

"ಓಡಿದ್ವು ಖರೇರಿ. ನಮ್ಮ ತಮ್ಮನೂ ಹಂಗ ಓಡತಾನ. ಹಿಡದು ತೊಳೀತೇನಿ."

೨. ಎತ್ತರದ ಮೇವು

ವಿಜಯಪುರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಹಿತ್ತಲಲ್ಲಿ ಸಾಕಲು ಜೋಡಿ ಆಡು ಒಯ್ದರು. ನೆಲಕ್ಕೆ ಬಿದ್ದ ಮೇವು ಆಡು ಮೂಸುವುದಿಲ್ಲ, ಸೊಪ್ಪನ್ನು ಎತ್ತರಕ್ಕೆ ಕಟ್ಟಿ ಅಂದಿದ್ದೆ. ಅವರು ಅದನ್ನು ಹಾಗೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಐದನೇ ದಿನ ಅವರ ಹೆಂಡತಿಯ ಫೋನು.

"ಅರಿವಿ ಒಣಹಾಕೂ ಹಗ್ಗಕ್ಕ ಸೊಪ್ಪು ಕಟ್ಯಾರ್ರೀ ನಮ್ಮನ್ಯಾವ್ರು. ಸೊಪ್ಪಿನ ಜೋಡಿ ನನ್ನ ಇಳಕಲ್ ಸೀರಿ ಸೆರಗೂ ಹೋತು!"

ಕಣ್ಣಮುಂದೆ ಟ್ರ್ಯಾಕ್ಟರ್ ಬಂದು ನಿಂತಿತು. "ಹಂಗಾರ... ಆಡು ವಾಪಸ್ ಕಳಸ್ತೀರೇನ್ರಿ?"

"ಆಡು ಇರ್ಲಿ, ಪಾಪ. ಸೊಪ್ಪು ಕಟ್ಟಿದವರನ್ನ ವಾಪಸ್ ತಗೋತೀರೇನು, ಹೇಳ್ರಿ."

೩. ಕರಿ ಆಡಿನ ಉಪವಾಸ

ನಾನೇ ಬಾಟಲಿ ಹಾಲು ಕುಡಿಸಿ ಬೆಳೆಸಿದ ಕರಿ ಆಡು ಕಳ್ಳಕವಟಗಿಯ ಗಂಡಹೆಂಡತಿಯ ಪಾಲಾಯಿತು. ಬಲು ತಣ್ಣನೆಯ ಮಂದಿ, ಒಬ್ಬರಿಗೊಬ್ಬರು ದನಿ ಎತ್ತಿದವರಲ್ಲ. ಮೂರು ದಿನವಾದರೂ ಆಡು ಒಂದು ಎಲೆಯನ್ನೂ ಬಾಯಿಗೆ ಮುಟ್ಟಿಸಲಿಲ್ಲ. ಡಾಕ್ಟರು ನೋಡಿ ಜ್ವರವಿಲ್ಲ ಅಂದರು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಸ್ಕೂಟರ್ ಹತ್ತಿ ಟಿಕೋಟಾ ದಾಟಿ ಓಡಿದೆ.

ಆಡು ಗೋಡೆಗೆ ಮುಖಮಾಡಿ ನಿಂತಿತ್ತು. ಬೆನ್ನು ಸವರಿದೆ, ರಮಿಸಿದೆ. ಊಹೂಂ. ನನಗೆ ಅಳುವೇ ಬಂತು. ಅಷ್ಟರಲ್ಲಿ ಯಜಮಾನರ ಫೋನು: "ಟ್ರ್ಯಾಕ್ಟರ್ ಕೀಲಿ ಎಲ್ಲಿಟ್ಟಿ?"

ತಲೆ ಕೆಟ್ಟಿತು. "ನಿಮ್ಮ ಕೀಲಿ ಕಾಯಾಕ ಕುಂತೇನೇನು ನಾನು? ಗೂಟದಾಗಿನ ಕೀಲಿ ಕಾಣಸ್ತಿಲ್ಲೇನು ಕಣ್ಣಿಗೆ?" ಅಂತ ಶುರುಮಾಡಿದೆ.

ಆಡು ತಿರುಗಿ ನೋಡಿತು. ಸೊಪ್ಪಿಗೆ ಬಾಯಿ ಹಾಕಿತು. ನಾನು ಸುಮ್ಮನಾದರೆ ಅದೂ ಸುಮ್ಮನೆ. ಆಗ ಹೊಳೆಯಿತು: ಶೆಡ್ಡಿನಲ್ಲಿ ಮೇವು ಹಾಕುವ ಹೊತ್ತಿಗೇ ನಾನು ದಿನಾ ಯಜಮಾನರಿಗೆ ಬೈಯುವುದು! ಕರಿ ಆಡಿಗೆ ಅದೇ ಊಟದ ಗಂಟೆ.

"ದಿನಾ ಎರಡು ಹೊತ್ತು ಬೈರಿ, ತಿಂತೈತಿ" ಅಂದೆ.

ಮನೆಯಾಕೆ ನಾಚಿ, "ನಮಗ ಆ ರೂಢಿ ಇಲ್ರಿ ಅಕ್ಕಾ" ಅಂದಳು.

ಬೇರೆ ದಾರಿಯಿಲ್ಲದೆ ನಾನೇ ಹೊತ್ತುಹೊತ್ತಿಗೆ ಫೋನಿನಲ್ಲಿ ಬೈದೆ. ಅವರು ಸ್ಪೀಕರ್ ಹಾಕಿ ಆಡಿನ ಮುಂದೆ ಹಿಡಿದರು.

ಒಂಬತ್ತನೇ ದಿನ ಬೆಳಿಗ್ಗೆ ಆಕೆಯದೇ ಫೋನು. ದನಿ ಬದಲಾಗಿತ್ತು. "ಅಕ್ಕಾ, ನೀವಿನ್ನ ತ್ರಾಸ ತಗೋಬ್ಯಾಡ್ರಿ. ನಾನ ಬೈಯಾಕ ಕಲ್ತೇನಿ. ಆಡು ಗುಂಡುಗುಂಡಗ ಆಗೈತಿ!"

ಹಿಂದಿನಿಂದ ಅವಳ ಗಂಡನ ದನಿ: "ಅಕ್ಕಾರ, ಕೈ ಮುಗೀತೇನಿ, ಈ ಆಡು ವಾಪಸ್ ಒಯ್ರಿ!"

"ಎಂಟು ದಿನ ಮುಗದಾವ್ರಿ ಅಣ್ಣಾರ" ಅಂದು ಫೋನ್ ಇಟ್ಟೆ.