ಹೈಡ್ರಾಲಿಕ್ಸ್ ಮೇಷ್ಟ್ರ ಮನೆಗೆ ನೀರು ಬಂದದ್ದು

ಕೊಳ್ಳುವ ವಸ್ತುವನ್ನು ನಾಲ್ಕು ಮಾತು ಹೀಗಳೆಯದಿದ್ದರೆ ನಮ್ಮ ಜನಕ್ಕೆ ಕೊಂಡ ಹಾಗೇ ಆಗುವುದಿಲ್ಲ. ಬದನೆಕಾಯಿಯನ್ನು ಹುಳುಕು ಅನ್ನುತ್ತೇವೆ, ಸೀರೆಯನ್ನು ಬಣ್ಣ ಬಿಡುತ್ತದೆ ಅನ್ನುತ್ತೇವೆ, ಆಮೇಲೆ ಅದನ್ನೇ ಚೀಲಕ್ಕೆ ಹಾಕಿಕೊಂಡು ಮನೆಗೆ ಬರುತ್ತೇವೆ. ಬದನೆಕಾಯಿ ಮಾರಿದವಳ ಮುಂದೆ ಮತ್ತೆ ಕೈಕಟ್ಟಿ ನಿಲ್ಲುವ ಪ್ರಸಂಗ ಬರುವುದಿಲ್ಲವಾದ್ದರಿಂದ ನಾಲಿಗೆಗೆ ಲಂಗುಲಗಾಮು ಬೇಕಾಗುವುದಿಲ್ಲ. ನನ್ನ ಗ್ರಹಚಾರ, ನಾನು ಹೀಗಳೆದದ್ದು ಒಂದು ಮನೆಯನ್ನು.

ವಿಜಯನಗರದ ಆ ಹಳೇ ಮನೆಯನ್ನು ಮಾರಿದವರು ರಾಜಮ್ಮ ಟೀಚರ್. ಮಹಡಿ ಹತ್ತಲು ಮೊಣಕಾಲು ಒಪ್ಪುವುದಿಲ್ಲವೆಂದು ಕೆಂಗೇರಿಯಲ್ಲಿ ಲಿಫ್ಟ್ ಇರುವ ಫ್ಲಾಟು ಹಿಡಿದಿದ್ದರು. ಚೌಕಾಸಿಯ ಹುರುಪಿನಲ್ಲಿ ನಾನು, ಇದು ಮನೆಯಲ್ಲ, ಸೈಟಿನ ಮೇಲಿರುವ ಇಟ್ಟಿಗೆ ರಾಶಿ ಅಂದೆ. ಅವರು ಸುಮ್ಮನೆ ನಕ್ಕರು. ರಿಜಿಸ್ಟ್ರೇಷನ್ ಮುಗಿದ ದಿನ, "ಒಂದಿನ ಬರ್ತೀನಿ ಸಾರ್, ನೀರಿನ ಲೈನ್ ಎಲ್ಲೆಲ್ಲಿ ಹೋಗಿದೆ ತೋರಿಸ್ಕೊಡ್ತೀನಿ" ಅಂದರು. ನಾನು ಇಪ್ಪತ್ತಾರು ವರ್ಷದಿಂದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೈಡ್ರಾಲಿಕ್ಸ್ ಪಾಠ ಮಾಡುತ್ತಿದ್ದೇನೆ, ನೀರು ಎಲ್ಲಿ ಹೋಗುತ್ತದೆ ಎಂದು ನನಗೆ ಯಾರೂ ತೋರಿಸಬೇಕಾಗಿಲ್ಲ ಎಂದು ತಿಳಿಸಿದೆ. ಪಕ್ಕದಲ್ಲಿದ್ದ ನನ್ನ ಹೆಂಡತಿ ಸುಧಾ ತೊಡೆ ಚಿವುಟಿದಳು. ಅವಳು ಚಿವುಟಿದಾಗಲೆಲ್ಲ ನಾನು ಸುಮ್ಮನಾಗಿದ್ದರೆ ಇಷ್ಟು ಹೊತ್ತಿಗೆ ಪ್ರಿನ್ಸಿಪಾಲನಾಗಿರುತ್ತಿದ್ದೆ.

ವಿಜಯದಶಮಿಗೆ ಗೃಹಪ್ರವೇಶವಾಯಿತು. ಸಂಪಿನಲ್ಲಿದ್ದ ನೀರು ಒಂದು ವಾರ ಬಂತು, ಆಮೇಲೆ ತಳ ಕಂಡಿತು. ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ. ಎಲ್ಲರ ಸಂಪಿಗೂ ಧೋ ಎಂದು ಬೀಳುತ್ತದೆ, ನಮ್ಮ ಸಂಪಿಗೆ ಮಾತ್ರ ತೊಟ್ಟೂ ಇಲ್ಲ. ಒಬ್ಬ ಪ್ಲಂಬರ್ ಬಂದು ಕಾಂಪೌಂಡಿನ ಬುಡ ಅಗೆದ. ಇನ್ನೊಬ್ಬ ಬಂದು, ಮೊದಲಿನವನಿಗೆ ಬುದ್ಧಿಯಿಲ್ಲವೆಂದು ಹೇಳಿ, ಅವನು ಮುಚ್ಚಿದ್ದನ್ನೇ ಮತ್ತೆ ಅಗೆದ. ನಾನು ಎರಡು ಹಾಳೆ ಲೆಕ್ಕ ಬರೆದು, ಎದುರು ಮನೆಯ ಪುಟ್ಟಸ್ವಾಮಿ ಲೈನಿಗೇ ಮೋಟಾರ್ ಹಾಕಿ ನಮ್ಮ ನೀರು ಎಳೆಯುತ್ತಿದ್ದಾನೆ ಎಂಬ ತೀರ್ಮಾನಕ್ಕೆ ಬಂದೆ. ಅವರ ಗೇಟಿನ ಮುಂದೆ ನಿಂತು ನಾಗರಿಕ ಪ್ರಜ್ಞೆಯ ಬಗ್ಗೆ ಮಾತಾಡಿದೆ. ಪುಣ್ಯಾತ್ಮ ಪೂರ್ತಿ ಕೇಳಿಸಿಕೊಂಡು, ತಮ್ಮ ಸಂಪಿನಿಂದ ಪೈಪು ಎಳೆದು ನಮ್ಮ ಡ್ರಮ್ಮು ತುಂಬಿಸಿಕೊಟ್ಟರು. ನನಗೆ ಅನುಮಾನ ಇನ್ನೂ ಜಾಸ್ತಿಯಾಯಿತು.

ಅಷ್ಟರಲ್ಲಿ ದೀಪಾವಳಿ ಬಂತು. ಮಗಳ ಮದುವೆಯಾಗಿ ಮೊದಲ ದೀಪಾವಳಿ, ಅಳಿಯ ಎಣ್ಣೆಸ್ನಾನಕ್ಕೆ ಬರುವವನಿದ್ದ. ಅಮ್ಮ ತಾಮ್ರದ ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಎಳೆದು ಕಾಯುತ್ತಿದ್ದಳು. ಸುಧಾ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ನೀರು ತುಂಬೋ ಹಬ್ಬಕ್ಕೆ ಹಂಡೇಲಿ ನಮ್ಮನೆ ನೀರು ಇರ್ಲಿಲ್ಲ ಅಂದ್ರೆ, ನಾನೂ ಮಗಳು ಅಳಿಯನ ಜೊತೆ ಹೊರಟ್‌ಬಿಡ್ತೀನಿ. ನೀವು ಇಟ್ಟಿಗೆ ರಾಶಿ ಕಾಯ್ಕೊಂಡಿರಿ." ಹೇಳಿದವಳೇ ಟೀಚರಿಗೆ ಫೋನ್ ಮಾಡಿದಳು.

ಟೀಚರ್ ಮಾರನೇ ಬೆಳಿಗ್ಗೆಯೇ ಮೆಟ್ರೋ ಹತ್ತಿ ಬಂದರು. ಕಾಫಿಯನ್ನೂ ಕುಡಿಯಲಿಲ್ಲ. ಅಂಗಳದ ಮೂಲೆ ನೋಡಿ, "ತುಳಸಿಕಟ್ಟೆ ಇಲ್ಲಿಗೆ ಯಾರು ತಂದ್ರು?" ಅಂದರು. ತಂದವನು ನಾನೇ. ಈಶಾನ್ಯದಲ್ಲಿರಬೇಕೆಂದು ವಾಸ್ತುವಿನವರು ಹೇಳಿದ್ದರು. ನಾನು ವಾಸ್ತು ನಂಬುವುದಿಲ್ಲ, ಆದರೆ ಯಾವುದಕ್ಕೂ ಇರಲಿ ಅಂತ ಮಾಡಿಸಿದ್ದೆ. ಅಲ್ಲಿದ್ದ ತುಕ್ಕು ಹಿಡಿದ ಮುಚ್ಚಳ ಅಸಹ್ಯವಾಗಿದೆಯೆಂದು ಅದರ ಮೇಲೇ ಕಟ್ಟೆ ಕೂರಿಸಿದ್ದೆ. ಹಸಿ ಸಿಮೆಂಟಿಗೆ ನೀರು ನುಗ್ಗದಿರಲೆಂದು ಮುಚ್ಚಳದ ಕೆಳಗಿದ್ದ ಸಂಪಿನ ಲೈನಿನ ವಾಲ್ವನ್ನು ಗಾರೆಯವನ ಕೈಲಿ ಬಂದ್ ಮಾಡಿಸಿದವನೂ ನಾನೇ. ಗೃಹಪ್ರವೇಶದ ಗಡಿಬಿಡಿಯಲ್ಲಿ ಅದು ತಲೆಯಿಂದ ಹಾರಿಹೋಗಿತ್ತು.

ಕಟ್ಟೆ ಎತ್ತೋಣವೆಂದರೆ ಅಮ್ಮ ಅಡ್ಡ ನಿಂತಳು. ಮಂತ್ರ ಹೇಳಿ ಕೂರಿಸಿದ ತುಳಸಿ, ಇನ್ನು ಎರಡು ವಾರಕ್ಕೆ ತುಳಸಿ ಮದುವೆ, ಅದು ಮುಗಿಯುವವರೆಗೆ ಯಾರೂ ಮುಟ್ಟಕೂಡದು. ನಾನು ವಿಜ್ಞಾನ ಹೇಳಿದೆ, ಬೇಡಿಕೊಂಡೆ, ಕೂಗಾಡಿದೆ. ಅಮ್ಮ ಜಗ್ಗಲಿಲ್ಲ. ಟೀಚರ್ ಅವಳ ಪಕ್ಕ ಕೂತು, "ಅಕ್ಕಾ, ಮದುವೆ ಹೆಣ್ಣಿಗೆ ಮೊದಲು ನೀರು ಹಾಕ್ಬೇಕಲ್ವಾ? ಇವಳಿಗೆ ಎದುರು ಮನೆಯಿಂದ ಕಡ ತಂದು ಹಾಕ್ತೀರಾ?" ಅಂದರು. ಅಮ್ಮ ಒಳಗೆ ಹೋಗಿ ಅರಿಶಿನ-ಕುಂಕುಮ ತಂದು, ತಪ್ಪಾಯಿತು ತಾಯಿ ಎಂದು ಕೈಮುಗಿದು ತಾನೇ ಪಕ್ಕಕ್ಕೆ ಸರಿದಳು. ಹಾರೆ ತಂದು ಮೀಟಿದವರು ಪುಟ್ಟಸ್ವಾಮಿ. ಅವರ ಮುಖ ನೋಡಲಾಗದೆ ನಾನು ಹಾರೆಯನ್ನೇ ನೋಡುತ್ತಿದ್ದೆ. ಅವತ್ತು ನೀರು ಬಿಡುವ ದಿನ. ಟೀಚರ್ ವಾಲ್ವು ತಿರುಗಿಸಿದರು, ಸಂಪಿನಲ್ಲಿ ನೀರು ಬೀಳುವ ಸದ್ದು ಕೇಳಿತು. ಸುಧಾ ಅತ್ತೇಬಿಟ್ಟಳು.

ಹಬ್ಬದ ದಿನ ಅಳಿಯ ಎರಡು ಹಂಡೆ ಬಿಸಿನೀರು ಮಿಂದು, ಕೆಂಪಗಾಗಿ ಎಲೆಯ ಮುಂದೆ ಕೂತು, ತೊಂದರೆ ಏನಿತ್ತು ಮಾವ ಎಂದು ಕೇಳಿದ. ಒತ್ತಡದ ಸಮಸ್ಯೆ, ಕೂಲಂಕಷವಾಗಿ ನೋಡಿ ಪತ್ತೆ ಮಾಡಬೇಕಾಯಿತು ಅಂದೆ. ಯಾರು ನೋಡಿದರು, ಯಾರು ಪತ್ತೆ ಮಾಡಿದರು ಎಂಬ ವಿವರಕ್ಕೆ ಹೋಗಲಿಲ್ಲ. ಅವನಿಗೆ ಖುಷಿಯಾಗಿ, ಬಸವೇಶ್ವರನಗರದ ತಮ್ಮ ಮನೆಯಲ್ಲೂ ಮೂರು ತಿಂಗಳಿಂದ ನೀರು ಸರಿಯಾಗಿ ಬರುತ್ತಿಲ್ಲ, ಬೀಗರೇ ಬಂದು ನೋಡಲಿ ಎಂದು ಅಪ್ಪ ಕಾಯುತ್ತಿದ್ದಾರೆ, ಭಾನುವಾರ ಬಂದುಬಿಡಿ ಅಂದ. ನಾನು ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡೆ. ಟೀಚರಿಗೆ ಭಾನುವಾರ ಬಿಡುವಿದೆಯೋ ಏನೋ ಕೇಳಬೇಕು. ಸುಧಾ ಫೋನ್ ಮಾಡಿಕೊಡುವುದಿಲ್ಲವಂತೆ. ಈ ಸಲ ನೀವೇ ಕೇಳಿ ಅಂದಿದ್ದಾಳೆ.